ನಮ್ಮೂರಿನ ಬಾಯಲ್ಲಿಲ್ಲದ ಹಕಾರ

ನಮ್ಮ ಮನೆತನದಲ್ಲಿ ದೀಕ್ಷೆಯ ಮಂತ್ರವನ್ನು ಕಿವಿಯಲ್ಲಿ ಹೇಳುತ್ತಾರೆ. ಮಠದ ಅಯ್ಯನವರು ಬಲಗಿವಿಯ ಹತ್ತಿರ ಬಾಯಿಟ್ಟು, ಮೂರನೆಯವರಿಗೆ ಕೇಳಿಸದ ಹಾಗೆ ಉಸುರುತ್ತಾರೆ. ಕೇಳಿಸಿಕೊಂಡವರು ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಕೊರಳಿಗೆ ಲಿಂಗವನ್ನು ಹುಟ್ಟಿದಾಗಲೇ ಕಟ್ಟಿರುತ್ತಾರೆ, ಆದರೆ ಮಂತ್ರ ಸಿಗುವ ತನಕ ಅದು ಕಟ್ಟಿದ್ದಷ್ಟೇ. ನನಗೆ ಆ ಮಂತ್ರ ಸಿಗಬೇಕಾದ ವಯಸ್ಸು ಬಂದಾಗ ನನ್ನ ಎರಡು ಕಿವಿಯೂ ಹೋಗಿದ್ದವು. ಇದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ ತೆರಕಣಾಂಬಿಯಲ್ಲಿ ನಡೆದದ್ದು.

ಕಿವುಡರ ವಿಷಯ ಬಂದರೆ ಜನ ದನಿ ತಗ್ಗಿಸಿ, ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ನನಗೆ ಇದು ಮೊದಲಿನಿಂದಲೂ ಆಗುವುದಿಲ್ಲ. ಅವರು ದನಿ ತಗ್ಗಿಸಿದ್ದು ನನಗೆ ಕೇಳುವುದಿಲ್ಲ, ಮುಖ ಚಿಕ್ಕದಾದದ್ದು ಮಾತ್ರ ಕಾಣುತ್ತದೆ. ಹಾಗಾಗಿ ಓದುವವರು ದಯವಿಟ್ಟು ಮುಖ ನೆಟ್ಟಗೆ ಇಟ್ಟುಕೊಂಡು ಓದಬೇಕು.

ಇಲ್ಲಿ ಬರುವ ಮಾತುಗಳನ್ನು ನಾನು ಕೇಳಿದ್ದಲ್ಲ, ನೋಡಿದ್ದು. ಜ್ವರ ಬರುವ ಮೊದಲು ಊರ ಮಾತು ಕಿವಿ ತುಂಬ ಕೇಳಿದ್ದೆ. ಆ ನೆನಪು ಇದ್ದುದರಿಂದ ಅವ್ವನ ತುಟಿ ಆಡಿದರೆ ಅವ್ವನ ದನಿ ತಾನಾಗಿ ಬಂದು ಅದಕ್ಕೆ ಕೂಡಿಕೊಳ್ಳುತ್ತಿತ್ತು. ನೋಡಿಯೂ ತಿಳಿಯದೆ ಉಳಿದದ್ದನ್ನು ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದಳು.

ಜ್ವರ ಬಂದಾಗ ನಾನು ಎರಡನೇ ತರಗತಿಯಲ್ಲಿದ್ದೆ. ಎಷ್ಟು ದಿನ ಮಲಗಿದ್ದೆನೋ ತಿಳಿಯದು. ಕಣ್ಣು ಬಿಟ್ಟಾಗ ಅವ್ವ ತಲೆಯ ಹತ್ತಿರ ಕೂತು ಬಾಯಿ ಆಡಿಸುತ್ತಿದ್ದಳು, ಮಾತು ಬರುತ್ತಿರಲಿಲ್ಲ. ಅವ್ವ ನನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದುಕೊಂಡು ನನಗೆ ಸಿಟ್ಟು ಬಂತು. ಆಮೇಲೆ ಪಕ್ಕದ ಮನೆಯವರ ಹುಂಜ ನಮ್ಮ ಹಿತ್ತಲ ಗೋಡೆ ಹತ್ತಿ, ಕತ್ತು ಚಾಚಿ, ಬಾಯಿ ತೆರೆದು, ಸುಮ್ಮನೆ ಮುಚ್ಚಿಕೊಂಡಿತು. ಅವ್ವ ಬೇಕಾದರೆ ಆಟ ಆಡಿಸಿಯಾಳು, ಹುಂಜ ಯಾಕೆ ಆಡಿಸುತ್ತದೆ? ನನಗೆ ಆಗ ಗೊತ್ತಾಯಿತು. ಜೋರಾಗಿ ಅತ್ತೆ. ಅತ್ತದ್ದೂ ಕೇಳಲಿಲ್ಲ.

ಅಪ್ಪ ವೀಳ್ಯದೆಲೆ, ಅರಿಸಿನ ಹಾಕಿಕೊಂಡು ಗುಂಡ್ಲುಪೇಟೆ ಸಂತೆಗೆ ಹೋಗುತ್ತಿದ್ದವನು, ಈ ಸಲ ನನ್ನನ್ನು ಕರೆದುಕೊಂಡು ಹೋದ. ಅಲ್ಲಿ ಘಟ್ಟದ ಕೆಳಗಿನಿಂದ ಬಂದಿದ್ದ ಮಲೆಯಾಳದ ಪಂಡಿತರೊಬ್ಬರು ಕಿವಿಗೆ ಬೆಚ್ಚನೆ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಬಿಟ್ಟು, ಏನೋ ಕೇಳಿ, ಉತ್ತರಕ್ಕೆ ಕಾದರು. ಕಿವುಡಿಗೆ ಮಲೆಯಾಳದಲ್ಲಿ ಪ್ರಶ್ನೆ ಕೇಳಿದರೆ ಏನು ಹೇಳಬೇಕು? ನಾನು ತಲೆಯಾಡಿಸಿದೆ, ಎಣ್ಣೆ ಕತ್ತಿನ ಮೇಲೆ ಇಳಿದು ಲಂಗದ ರವಿಕೆ ಹಾಳಾಯಿತು. ಮುಂದೆ ಚಾಮರಾಜನಗರದ ಡಾಕ್ಟರ ಹತ್ತಿರ ಹೋದೆವು. ಅವರು ಕಿವಿಯೊಳಗೆ ನೋಡಿ ಅಪ್ಪನಿಗೆ ಹೇಳಿದ್ದು ಇಷ್ಟೇ: "ಕಿವಿ ಇನ್ನು ಬರೋದಿಲ್ಲ. ಮಾತು ಹೋಗದ ಹಾಗೆ ನೋಡಿಕೊಳ್ಳಿ."

ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಬಾಯಿ ನೆಟ್ಟಗಿದೆ, ನಾಲಗೆ ನೆಟ್ಟಗಿದೆ, ಮಾತು ಎಲ್ಲಿಗೆ ಹೋಗುತ್ತದೆ? ಆದರೆ ಹೋಗುತ್ತದೆ. ತನ್ನ ದನಿ ತನಗೆ ಕೇಳದಿದ್ದರೆ ಅಕ್ಷರಗಳು ಒಂದೊಂದಾಗಿ ಸವೆಯುತ್ತವೆ. ಮೊದಲು ಮಾತಿನ ಕೊನೆ ಹೋಯಿತು, ಆಮೇಲೆ ಕಕಾರ ಗಕಾರ ಒಂದಾದವು. ನನಗೆ ಯಾವುದೂ ತಿಳಿಯಲಿಲ್ಲ. ನಾನು ಮಾತಾಡಿದಾಗ ಎದುರಿಗಿದ್ದವರ ಹುಬ್ಬು ಗಂಟಾಗುವುದು ಮಾತ್ರ ಕಾಣುತ್ತಿತ್ತು. ಇಸ್ಕೂಲಿನಲ್ಲಿ ಹುಡುಗರು ನನ್ನ ಹಾಗೆ ಬಾಯಿ ಸೊಟ್ಟ ಮಾಡಿ ನಗುತ್ತಿದ್ದರು. ಕೆಲವು ಸಲ ನಾನು ಕಿರುಚುತ್ತಿದ್ದೆನಂತೆ, ಕೆಲವು ಸಲ ಬರಿಯ ಉಸಿರಂತೆ. ಇಸ್ಕೂಲು ಬಿಟ್ಟೆ, ಆಮೇಲೆ ಮಾತೂ ಬಿಟ್ಟೆ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಹುಡುಗಿ ಗಲಾಟೆ ಇಲ್ಲದೆ ಬೆಳೆಯುತ್ತಿದ್ದಾಳೆ ಎಂದು ಬಂದವರಿಗೆ ಹೇಳುತ್ತಿದ್ದಳು.

ಆ ವರ್ಷ ಮಠದ ಅಯ್ಯನವರು ನಮ್ಮ ಮನೆಗೆ ಬಂದರು. ಬಿಳಿ ಗಡ್ಡ, ದೊಡ್ಡ ಕೈ, ಮಕ್ಕಳ ತಲೆ ಸವರಿಯೇ ಮುಂದೆ ಹೋಗುವ ಸ್ವಭಾವ. ಚಿಕ್ಕಪ್ಪನ ಮಗಳಿಗೂ ನನಗೂ ಒಂದೇ ದಿನ ದೀಕ್ಷೆ ಆಗಲಿ ಎಂದು ಅಪ್ಪ ಕೇಳಿದ. ಅಯ್ಯನವರು ನನ್ನನ್ನು ಹತ್ತಿರ ಕೂರಿಸಿಕೊಂಡು ಏನಾದರೂ ಹೇಳು ಎಂದರು. ನಾನು ಶರಣು ಎಂದೆ, ಅಥವಾ ಎಂದುಕೊಂಡೆ. ಅಪ್ಪ ನೆಲ ನೋಡಿದ.

"ಕಿವೀನೆ ಬಾಗ್ಲು ಕಣಪ್ಪ," ಎಂದರು ಅಯ್ಯನವರು. "ಒಳಕ್ಕೆ ಓಯ್ತೋ ಇಲ್ವೋ ನಂಗೆಂಗೆ ಗೊತ್ತಾಗದು? ಮಗ ತಿರ್ಗಿ ಏಳ್ಬೇಕು. ನಂಗೆ ತಿಳ್ಯಂಗೆ ಏಳ್ಬೇಕು. ಸುಮ್ನೆ ಕಿವೀಲಿ ಗಾಳಿ ಊದಿ ಕೊಟ್ಟೆ ಅನ್ನಕಾಯ್ತದಾ? ಬರೋ ವರ್ಸ ನೋಡನ."

ಅವರು ಕೆಟ್ಟವರಲ್ಲ. ಕೊಟ್ಟದ್ದು ಮುಟ್ಟಿರಬೇಕು ಎನ್ನುವುದು ಅವರ ನೇಮ. ಆದರೆ ಅಜ್ಜಿ ಆ ಮಾತನ್ನೇ ಹಿಡಿದುಕೊಂಡಳು. ಮಂತ್ರವಿಲ್ಲದವಳ ಕೈಯಲ್ಲಿ ಪೂಜೆಯ ಸಾಮಾನು ಮುಟ್ಟಿಸಬಾರದು, ನೈವೇದ್ಯದ ಒಲೆ ಹತ್ತಿರ ಬಿಡಬಾರದು, ನಾಳೆ ಇವಳನ್ನು ಯಾವ ಮನೆಯವರು ತುಂಬಿಸಿಕೊಳ್ಳುತ್ತಾರೆ ಎಂದು ಅವಳ ಭಯ. ನಾನು ವಿಭೂತಿ ತಟ್ಟೆಗೆ ಕೈ ಚಾಚಿದರೆ ನನ್ನ ಕೈ ಮೆಲ್ಲಗೆ ಸರಿಸುತ್ತಿದ್ದಳು. ಮೆಲ್ಲಗೆ ಸರಿಸುತ್ತಿದ್ದುದೇ ನನ್ನನ್ನು ಉರಿಸುತ್ತಿತ್ತು. ಹೊಡೆದಿದ್ದರೆ ಅಳಬಹುದಿತ್ತು. ನನಗೆ ಆ ಮಂತ್ರ ಬೇಕಿತ್ತು. ಅದು ಎಲ್ಲರಿಗೂ ಗೊತ್ತಿರುವ ಮಂತ್ರ, ಮಠದ ಗೋಡೆಯ ಮೇಲೆಯೇ ಬರೆದಿತ್ತು, ಓದಲು ನನಗೂ ಬರುತ್ತಿತ್ತು. ಆದರೂ ಕೊಟ್ಟರೆ ಮಾತ್ರ ಅದು ನನ್ನದು. ಕಿವಿಯ ಜೊತೆಗೆ ಮನೆಯೂ ಕೈಬಿಟ್ಟುಹೋಗುತ್ತಿದೆ ಎಂದು ಆ ವಯಸ್ಸಿನಲ್ಲಿಯೇ ನನಗೆ ಅನ್ನಿಸಿತ್ತು.

ಅಯ್ಯನವರು ಹೋದ ವಾರ ಅವ್ವ ನನ್ನ ಬಟ್ಟೆ ಗಂಟು ಕಟ್ಟಿದಳು. ಗುಂಡ್ಲುಪೇಟೆಯಿಂದ ಬರುವ ಬಸ್ಸು ಹತ್ತಿಸಿ ಚಾಮರಾಜನಗರದ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದಳು. ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಮೈಸೂರಿನ ಒಬ್ಬ ಟೀಚರಮ್ಮ ಬಾಡಿಗೆಗಿದ್ದರು. ಅವರ ತಮ್ಮ ಹುಟ್ಟು ಕಿವುಡ. ಅವನಿಗೆ ಮಾತು ಕಲಿಸುವುದನ್ನು ಎಲ್ಲೋ ಕೇಳಿ, ನೋಡಿ, ತಾವೇ ಕಲಿತು, ಕಲಿಸಿದ್ದರು. ಅತ್ತೆ ಇದನ್ನು ಅವ್ವನ ಕಿವಿಗೆ ಹಾಕಿದ್ದಳು. ಟೀಚರಮ್ಮ ತೆಳ್ಳಗೆ, ಎತ್ತರ. ಮೂಗಿನ ಮೇಲೇ ಕೋಪ. ಮುಖ ಚಿಕ್ಕದು ಮಾಡದೆ ನನ್ನನ್ನು ನೋಡಿದ ಮೊದಲ ಮನುಷ್ಯರು ಅವರು, ಅದಕ್ಕೇ ನನಗೆ ಹಿಡಿಸಿದರು.

ಪಾಠ ಬೆಳಕಿನ ಕಡೆ ಮುಖ ಮಾಡಿ ನಡೆಯುತ್ತಿತ್ತು. ನನ್ನ ಒಂದು ಕೈ ಅವರ ಗಂಟಲ ಮೇಲೆ, ಇನ್ನೊಂದು ನನ್ನ ಗಂಟಲ ಮೇಲೆ. ಅಲ್ಲಿ ಅದುರಿದ ಹಾಗೆ ಇಲ್ಲಿಯೂ ಅದುರಬೇಕು. ಮಕಾರ ಬಂದರೆ ಮೂಗು ಅದುರಬೇಕು, ಬಕಾರಕ್ಕೆ ಕೂಡದು. ತುಟಿಯನ್ನು ನಂಬಬೇಡ ಎಂದು ಅವರು ಮೊದಲ ದಿನವೇ ಹೇಳಿದ್ದರು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕೂಡುತ್ತದೆ. ಅದು ನನಗೆ ಮೊದಲೇ ಅನುಭವವಾಗಿತ್ತು. ಊರಿನಲ್ಲಿ ಒಂದು ದಿನ ಅವ್ವ ಓಡಿ ಬಂದು ಮಳೆ ಬಂತು ಎಂದಿದ್ದಳು, ನಾನು ಬಳೆ ಎಂದುಕೊಂಡು ಬೀದಿಗೆ ಓಡಿ, ಬಳೆಗಾರನನ್ನು ಹುಡುಕುತ್ತ ತೊಪ್ಪೆಯಾಗಿ ನಿಂತಿದ್ದೆ.

ಹಕಾರದ್ದು ಇನ್ನೂ ಕಷ್ಟ. ಅದು ತುಟಿಯಲ್ಲಿ ಕಾಣುವುದೇ ಇಲ್ಲ, ಗಂಟಲಲ್ಲಿ ಹೆಚ್ಚು ಅದುರುವುದೂ ಇಲ್ಲ. ಬರಿಯ ಉಸಿರು. ಅತ್ತೆಯ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವವರಿದ್ದರು, ಬೇಯಿಸಿದ ಗೂಡಿನ ನಾತ ದಿನವಿಡೀ ಮೂಗಿಗೆ ಅಡರುತ್ತಿತ್ತು. ಟೀಚರಮ್ಮ ಅವರಿಂದ ಗೂಡಿನ ಮೇಲಿನ ಜುಂಗು ತಂದು, ಒಂದು ಕಡ್ಡಿಗೆ ಕಟ್ಟಿ, ನನ್ನ ಬಾಯಿಯ ಮುಂದೆ ಹಿಡಿಯುತ್ತಿದ್ದರು. ಅವರು ಹಾಲು ಎಂದರೆ ಆ ಬಿಳಿ ಎಳೆ ಎಗರುತ್ತಿತ್ತು. ನಾನು ಅಂದರೆ ತೂಗಿಕೊಂಡೇ ಇರುತ್ತಿತ್ತು. ಹಾಲು, ಹೂವು, ಹೋಗು, ಹೇಳು. ಎಳೆ ಅಲ್ಲಾಡದಿದ್ದರೆ ಮತ್ತೆ, ಅಲ್ಲಾಡಿದರೂ ಮತ್ತೆ. ಒಂದು ದಿನ ಅದು ಎಗರಿ ನನ್ನ ಮೂಗಿಗೇ ಅಂಟಿತು. ಟೀಚರಮ್ಮ ನಗಲಿಲ್ಲ, ಹೊಗಳಲಿಲ್ಲ, ಕಡ್ಡಿಯನ್ನು ಇನ್ನೂ ಒಂದು ಗೇಣು ದೂರ ಹಿಡಿದರು. ಶಕಾರವೂ ಹಾಗೆಯೇ ಬಂತು. ಅದಕ್ಕೆ ಎಳೆ ಎಗರುವುದಿಲ್ಲ, ಗಾಳಿಗೆ ಬಾಗಿದ ಹಾಗೆ ಬಾಗಿಕೊಂಡೇ ಇರುತ್ತದೆ.

ದಸರೆ ರಜೆಗೆ ಊರಿಗೆ ಬಂದೆ. ಟೀಚರಮ್ಮ ಮೈಸೂರಿಗೆ ರೈಲು ಹತ್ತುವ ಮೊದಲು ಅವ್ವನಿಗೆ ಒಂದು ರೇಷ್ಮೆ ಕಡ್ಡಿ ಕೊಟ್ಟು, ದಿನಾ ಹೇಳಿಸಿ, ಬಿಡಬೇಡಿ ಎಂದಿದ್ದರು. ಅವ್ವ ಬಿಡಲಿಲ್ಲ. ಹಾಲು ಕರೆದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ನನ್ನ ಕೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಹೇಳಿಸುತ್ತಿದ್ದಳು. ನಾನು ಕಲಿತು ಬಂದ ಹಾಗೆ ಉಸಿರು ತಳ್ಳಿ ಹಾಲು ಎಂದೆ. ಅವ್ವನ ಹುಬ್ಬು ಗಂಟಾಯಿತು.

"ಉಸ್ರು ಯಾಕಮ್ಮಿ ಅಂಗೆ ಬುಟ್ಟೀಯ, ದಮ್ಮು ಬಂದೋರಂಗೆ? ಮೆತ್ಗೆ ಅನ್ನು. ಆಲು."

ನಾನು ಅವಳ ಗಂಟಲು ಮುಟ್ಟಿ ನೋಡಿದೆ. ಅವಳ ಬಾಯಿಯಿಂದ ಉಸಿರು ಬರಲಿಲ್ಲ. ನನ್ನ ತಪ್ಪೇ ಇರಬೇಕು ಎಂದುಕೊಂಡೆ. ಕಿವಿ ಇದ್ದವಳು ಅವಳು, ನಾನಲ್ಲ.

ನಮ್ಮ ಸೀಮೆಯಲ್ಲಿ ಯಾರೂ ಹಕಾರ ಹಿಡಿಯುವುದಿಲ್ಲ. ಆಲು, ಊವು, ಓಗು, ಏಳು. ಶಿವನೂ ನಮ್ಮ ಬಾಯಲ್ಲಿ ಸಿವನೇ. ಅದು ನಮ್ಮ ಮಾತು, ಅದರಲ್ಲಿ ಕೊರತೆ ಏನೂ ಇಲ್ಲ. ಅವ್ವನಿಗೆ ತಾನು ಏನೋ ಬಿಡುತ್ತಿದ್ದೇನೆ ಎಂದು ಗೊತ್ತೇ ಇರಲಿಲ್ಲ. ಮಗಳ ಮಾತಿನಲ್ಲಿ ಏನೋ ಹೆಚ್ಚಿಗೆ ಸೇರಿಕೊಂಡಿದೆ, ಅದೇ ಕಿವುಡಿನ ಗುರುತು, ಅದನ್ನು ತೆಗೆದರೆ ಮಾತು ಚೊಕ್ಕವಾಗುತ್ತದೆ ಎಂದು ಅವಳ ನಂಬಿಕೆ. ರೇಷ್ಮೆ ಎಳೆ ಅಲ್ಲಾಡದಿದ್ದರೆ ಸರಿಯಾಯಿತು ಎಂದು ಖುಷಿಪಡುತ್ತಿದ್ದಳು. ರಜೆ ಮುಗಿಯುವ ತನಕ ಒಂದು ಹೊತ್ತೂ ತಪ್ಪಿಸದೆ, ಬೈದು, ಮುದ್ದು ಮಾಡಿ, ಬೆಲ್ಲ ಕೊಟ್ಟು, ಟೀಚರಮ್ಮ ಹಾಕಿದ್ದ ಉಸಿರನ್ನೆಲ್ಲ ಅವ್ವ ನನ್ನ ಬಾಯಿಂದ ಕಿತ್ತು ತೆಗೆದಳು. ನಾನು ಆಲು ಎಂದಾಗ ಅಜ್ಜಿಯೂ ತಲೆದೂಗಿದಳು.

ಚಾಮರಾಜನಗರಕ್ಕೆ ವಾಪಸು ಬಿಡಲು ಅವ್ವನೇ ಬಂದಳು, ಮಗಳ ಮಾತು ನೋಡಿ ಟೀಚರಮ್ಮ ಏನನ್ನುತ್ತಾರೋ ಎಂದು ಮುಖ ಅರಳಿಸಿಕೊಂಡು. ಟೀಚರಮ್ಮ ಕಡ್ಡಿ ಹಿಡಿದರು. ನಾನು ಹೇಳಿದೆ. ಎಳೆ ಅಲ್ಲಾಡಲಿಲ್ಲ. ಮತ್ತೊಂದು ಮಾತು, ಮತ್ತೊಂದು. ಎಳೆ ಅಲ್ಲಾಡಲಿಲ್ಲ.

"ಯಾರು ಹಾಳು ಮಾಡಿದ್ದು ಇದನ್ನ?" ಎಂದರು ಟೀಚರಮ್ಮ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಟೀಚರಮ್ಮ ಆ ಕಡ್ಡಿಯನ್ನು ಅವ್ವನ ಬಾಯಿಯ ಮುಂದೆ ಹಿಡಿದು, ಹಾಲು ಅನ್ನಿ ಎಂದರು. ಅವ್ವ ಅಂದಳು. ನಾವು ಮೂವರೂ ಎಳೆಯನ್ನೇ ನೋಡುತ್ತಿದ್ದೆವು. ಅದು ನೆಟ್ಟಗೆ ತೂಗಿಕೊಂಡಿತ್ತು. ಅವ್ವನ ಮುಖಕ್ಕೆ ರಕ್ತ ನುಗ್ಗಿದ್ದು ನನಗೆ ಈಗಲೂ ಕಾಣುತ್ತದೆ.

"ನಮ್ಮೂರಲ್ಲಿ ಎಲ್ರೂ ಇಂಗೇ ಅನ್ನದು ಕಣ್ರವ್ವ," ಎಂದಳು. "ಅದ್ಕೇಂತ ಯಾರೂ ಆಲಿಲ್ದೆ ಇದ್ದೋರಿಲ್ಲ."

"ನೀವು ಅಂದರೆ ಅದು ಊರ ಮಾತು," ಎಂದರು ಟೀಚರಮ್ಮ. "ಇವಳು ಅಂದರೆ ಕಿವುಡಿ ಮಾತು ಅಂತಾರೆ. ನಿಮಗೆ ಬಿಟ್ಟರೂ ನಡೆಯುತ್ತೆ, ಇವಳಿಗೆ ನಡೆಯಲ್ಲ. ಅಷ್ಟೇ ಅಲ್ಲ, ಉಸಿರು ಮುಂದೆ ಬಂದರೆ ದನಿ ಅದರ ಹಿಂದೆ ಹದವಾಗಿ ಬರುತ್ತೆ. ಇಲ್ಲದಿದ್ದರೆ ಕಿರುಚುತ್ತಾಳೆ. ನೀವು ಕಲಿಯದೆ ಈ ಮಗು ಕಲಿಯಲ್ಲ."

ಅವ್ವ ಮಧ್ಯಾಹ್ನದ ಊಟ ಮಾಡದೆ ಬಸ್ಸಿಗೆ ಹೋದಳು. ನಾನು ಟೀಚರಮ್ಮನ ಮೇಲೆ ಎರಡು ದಿನ ಮುನಿಸಿಕೊಂಡು ಬಾಯೇ ಬಿಡಲಿಲ್ಲ. ನನ್ನ ಅವ್ವನನ್ನು ನನ್ನ ಎದುರು ಹಾಗೆ ನಿಲ್ಲಿಸಬಾರದಿತ್ತು. ಟೀಚರಮ್ಮ ಹೇಳಿದ್ದು ಸರಿಯೇ, ಆದರೂ ನಿಲ್ಲಿಸಬಾರದಿತ್ತು ಎಂದು ಇಂದಿಗೂ ಅನ್ನುತ್ತೇನೆ. ಮೂರನೆಯ ದಿನ ಅವರು ಕಾಫಿಯ ಲೋಟವನ್ನು ನನ್ನ ಕಡೆ ತಳ್ಳಿ, ಅರ್ಧ ಕುಡಿ ಎಂದರು. ಪಾಠ ಮತ್ತೆ ಹಾಲಿನಿಂದ ಶುರುವಾಯಿತು.

ಸಂಕ್ರಾಂತಿಗೆ ಊರಿಗೆ ಬಂದಾಗ ಅವ್ವ ನನಗೆ ಏನೂ ಹೇಳಿಸಲಿಲ್ಲ. ಕೂರಿಸಿಕೊಳ್ಳಲೂ ಇಲ್ಲ. ಸಿಟ್ಟು ಇಳಿದಿಲ್ಲ ಎಂದುಕೊಂಡೆ. ಒಂದು ಬೆಳಿಗ್ಗೆ ಅವಳನ್ನು ಹುಡುಕಿಕೊಂಡು ಕೊಟ್ಟಿಗೆಗೆ ಹೋದೆ. ಅವ್ವ ಹಸುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನಗೆ ಬೆನ್ನು ಅರ್ಧ ತಿರುಗಿಸಿ, ಒಂದು ಕೈಯಲ್ಲಿ ಆ ರೇಷ್ಮೆ ಕಡ್ಡಿ ಹಿಡಿದಿದ್ದಳು. ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಎಳೆ ನಿಂತಲ್ಲೇ ನಿಂತಿತ್ತು. ಅವಳು ಇನ್ನಷ್ಟು ಬಾಯಿ ತೆರೆದಳು. ಕಟ್ಟಿದ್ದ ಕರು ಕತ್ತು ಚಾಚಿ ಆ ಜುಂಗನ್ನು ನೆಕ್ಕಿ ಎಳೆದುಕೊಂಡಿತು. ಅವ್ವ ಕರುವಿನ ಮೂತಿಗೆ ಒಂದು ತಟ್ಟಿ, ತಿರುಗಿ ನೋಡಿದರೆ ನಾನು.

ನನಗೆ ನಗು ತಡೆಯಲಿಲ್ಲ. ಅವ್ವನೂ ನಾಚಿಕೊಂಡು ನಕ್ಕಳು. ನಕ್ಕಾಗ ಕರುವಿನ ಬಾಯಿಂದ ಬಿಡಿಸಿಕೊಂಡ ಆ ಚೂರು ಎಳೆ ಅವಳ ತುಟಿಯ ಮುಂದೆ ಎಗರಿತು. ನಾನು ಕೈ ತೋರಿಸಿದೆ. ಅವ್ವ ನಗುವುದನ್ನು ನಿಲ್ಲಿಸಿ ಎಳೆಯನ್ನು ನೋಡಿದಳು. ಬೇಕೆಂದೇ ಇನ್ನೊಂದು ಸಲ ನಕ್ಕಳು. ಮತ್ತೆ ಎಗರಿತು. ನಗುವಾಗ ನಮ್ಮೂರಿನವರೂ ಹಕಾರವನ್ನು ಕೈಬಿಡುವುದಿಲ್ಲ. ಅವ್ವನಿಗೆ ಹಕಾರ ಸಿಕ್ಕಿದ್ದು ಹಾಗೆ. ಮೊದಲು ಸ್ವಲ್ಪ ನಕ್ಕು, ಆ ನಗುವಿನ ಬಾಲಕ್ಕೆ ಆಲು ಎಂದು ಅಂಟಿಸಿದರೆ ಹಾಲು ಆಗುತ್ತಿತ್ತು.

"ಯಾರ್ಗೂ ಏಳ್ಬ್ಯಾಡ ಕಣಮ್ಮಿ," ಎಂದಳು. "ನಿಮ್ಮಜ್ಜಿ ನೋಡುದ್ರೆ ಗ್ಯಾನ ಕೆಟ್ಟೋಯ್ತು ಅಂದ್ಕತಾಳ."

ಆಮೇಲೆ ಅವ್ವನ ಜೊತೆ ಮಾತು ಕಲಿತದ್ದೆಲ್ಲ ಕೊಟ್ಟಿಗೆಯಲ್ಲಿಯೇ. ಅವಳ ಬಾಯಿಯ ಮುಂದೆ ನನ್ನ ಅಂಗೈ, ನನ್ನ ಬಾಯಿಯ ಮುಂದೆ ಅವಳದು. ಬೇಸಿಗೆ ಬರುವ ಹೊತ್ತಿಗೆ ನನ್ನ ಮಾತು ಹೊರಗಿನವರಿಗೂ ತಿಳಿಯತೊಡಗಿತು. ಅಂಗಡಿಗೆ ಹೋಗಿ ಉಪ್ಪು ಕೇಳಿ ಉಪ್ಪೇ ತಂದೆ. ಇದರಲ್ಲಿ ನಗುವುದೇನೂ ಇಲ್ಲ, ಅದಕ್ಕೆ ಮೊದಲು ಬೇರೆ ಏನೇನೋ ತಂದಿದ್ದೆ. ಅಯ್ಯನವರು ಹೇಳಿದ ವರ್ಷ ಮುಗಿದಿತ್ತು. ದೀಕ್ಷೆಗೆ ದಿನ ಗೊತ್ತಾಯಿತು. ಅಯ್ಯನವರ ತುಟಿಯನ್ನು ಚೆನ್ನಾಗಿ ನೋಡಿ, ಹೇಳಿದ್ದನ್ನು ಉಸಿರು ತಪ್ಪದೆ ತಿರುಗಿ ಹೇಳಿದರಾಯಿತು ಎಂದು ನಾನು ಧೈರ್ಯವಾಗಿದ್ದೆ.

ಆ ದಿನ ಮಠದಲ್ಲಿ ಮೊದಲು ಚಿಕ್ಕಪ್ಪನ ಮಗಳನ್ನು ಕರೆದರು. ಅವಳು ಹೋಗಿ ಕೂತಳು. ಅಯ್ಯನವರು ಬಗ್ಗಿದರು. ಪಕ್ಕದಲ್ಲಿದ್ದವರು ಒಂದು ದಪ್ಪ ಬಿಳಿ ವಸ್ತ್ರವನ್ನು ತಂದು ಇಬ್ಬರ ಮೇಲೂ ಪೂರ್ತಿ ಮುಚ್ಚಿದರು.

ಈ ವಸ್ತ್ರದ ಮಾತು ನನಗೆ ಯಾರೂ ಹೇಳಿರಲಿಲ್ಲ. ಅದರ ಕೆಳಗೆ ಕತ್ತಲೆ. ತುಟಿ ಕಾಣುವುದಿಲ್ಲ. ಕಂಡರೂ ಅದು ನನ್ನ ಕಿವಿಯ ಹತ್ತಿರ ಇರುತ್ತದೆ, ಕಣ್ಣಿನ ಹತ್ತಿರ ಅಲ್ಲ. ಅವರು ಯಾವಾಗ ಹೇಳಿದರು, ಯಾವಾಗ ಮುಗಿಸಿದರು, ನನಗೆ ಹೇಗೆ ತಿಳಿಯಬೇಕು? ಅವರು ಇನ್ನೂ ಹೇಳುತ್ತಿರುವಾಗಲೇ ನಾನು ಬಾಯಿ ಹಾಕಿದರೆ, ಇವಳಿಗೆ ಏನೂ ಮುಟ್ಟಿಲ್ಲ ಎಂದು ಅಲ್ಲೇ ಎದ್ದುಬಿಡುತ್ತಾರೆ. ಮಂತ್ರ ಗೋಡೆಯ ಮೇಲೆ ಎದುರಿಗೇ ಇತ್ತು, ಅದರಿಂದ ನನಗೆ ಏನೂ ಉಪಯೋಗವಿರಲಿಲ್ಲ. ನಾನು ತಿರುಗಿ ಅವ್ವನನ್ನು ನೋಡಿದೆ.

ಅವ್ವ ಹೆಂಗಸರ ನಡುವೆ ಕೂತಿದ್ದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಸೆರಗಿನ ಮರೆಯಲ್ಲಿ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು, ಇಳಿಸಿ, ಬೆರಳಿನಿಂದ ತನ್ನ ಬಲಗಿವಿ ಮುಟ್ಟಿಕೊಂಡಳು. ಕೊಟ್ಟಿಗೆಯ ಪಾಠ, ಅಂಗೈಯ ಬದಲು ಕಿವಿಯಲ್ಲಿ.

ನನ್ನ ಸರದಿ ಬಂತು. ವಸ್ತ್ರ ಮೇಲೆ ಬಿತ್ತು. ವಿಭೂತಿಯ ವಾಸನೆ, ಬೆವರಿನ ವಾಸನೆ, ಅಯ್ಯನವರ ಗಡ್ಡದ ಚುಚ್ಚು. ಕಿವಿಯ ಹತ್ತಿರ ಬೆಚ್ಚಗಾಯಿತು. ಓಂಕಾರದ ಬಿಸಿ ಬಂದು ನಿಂತಿತು. ನಕಾರ ಮಕಾರ ಮೂಗಿನ ಅಕ್ಷರಗಳು, ಅವು ಬಂದು ಹೋದದ್ದು ತಿಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಆ ಮಂತ್ರವನ್ನು ಒಂದೇ ಬೀಸಿಗೆ ನಮಸಿವಾಯ ಎಂದು ಬಿಡುತ್ತಾರೆ, ನಡುವೆ ಉಸಿರಿಗೆ ಜಾಗವಿಲ್ಲ. ಅಯ್ಯನವರೂ ನಮ್ಮ ಕಡೆಯವರೇ. ಇನ್ನು ಏನೂ ಬರುವುದಿಲ್ಲ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಕಿವಿಯೊಳಕ್ಕೆ ಒಂದು ತಳ್ಳು ಬಂತು. ದುಂಡನೆಯ, ಬಿಸಿಯಾದ, ಸ್ಪಷ್ಟವಾದ ಹಕಾರ. ಅದರ ಹಿಂದೆ ಶಕಾರದ ಗಾಳಿ, ಎಳೆ ಬಾಗಿಸುವಂಥದು, ಉದ್ದಕ್ಕೆ. ಆಮೇಲೆ ಬಿಸಿ ಆರಿತು. ನಮಃ ಶಿವಾಯ.

ಜ್ವರದ ನಂತರ ಆ ಕಿವಿಯೊಳಕ್ಕೆ ಹೋದ ಮೊದಲ ಮಾತು ಅದು. ಕೇಳಿತು ಎಂದು ಸುಳ್ಳು ಹೇಳಲಾರೆ. ಆದರೆ ಬಂತು. ನನಗೆ ಅಳು ಬಂತು, ಅತ್ತರೆ ಮಾತು ಕೆಡುತ್ತದೆ ಎಂದು ನುಂಗಿಕೊಂಡೆ. ಗಂಟಲ ಮೇಲೆ ಬೆರಳಿಟ್ಟು, ಉಸಿರನ್ನು ಮುಂದೆ ಬಿಟ್ಟು, ತಿರುಗಿ ಹೇಳಿದೆ. ಅಯ್ಯನವರ ದೊಡ್ಡ ಕೈ ನನ್ನ ತಲೆಯ ಮೇಲೆ ಬಂತು. ಇನ್ನೊಂದು ಸಲ ಉಸುರಿದರು, ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಿ ಮುಗಿಸಿದಾಗ ಕೈ ತಲೆಯ ಮೇಲಿಂದ ಇಳಿಯಲೇ ಇಲ್ಲ.

ವಸ್ತ್ರ ತೆಗೆದರು. ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ನಾನು ಅಯ್ಯನವರ ಮುಖ ನೋಡಿದೆ. ಅವರ ಗಡ್ಡದಲ್ಲಿ ಒಂದು ರೇಷ್ಮೆ ಎಳೆ ಸಿಕ್ಕಿಕೊಂಡಿತ್ತು.

ಬಿಳಿಯ ಗಡ್ಡದಲ್ಲಿ ಬಿಳಿಯ ಎಳೆ, ಬೇರೆ ಯಾರಿಗೂ ಕಂಡಿರಲಾರದು. ನಾನು ಅಂಥ ಎಳೆಯನ್ನು ವರ್ಷಪೂರ್ತಿ ನೋಡಿದವಳು. ಅವ್ವನ ಕಡೆ ತಿರುಗಿದೆ. ಅವಳು ತಲೆ ಬಗ್ಗಿಸಿ ಸೆರಗಿನ ಅಂಚನ್ನು ಮಡಿಸುತ್ತಿದ್ದಳು.

ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ನನಗೆ ಮದುವೆಯಾಗಿ ಮಕ್ಕಳಾದ ಮೇಲೆ. ವಸ್ತ್ರ ಮುಚ್ಚುತ್ತಾರೆ, ಬಾಯಿ ಕಾಣುವುದಿಲ್ಲ ಎಂದು ಅವಳಿಗೆ ತನ್ನ ದೀಕ್ಷೆಯ ನೆನಪಿನಿಂದ ಗೊತ್ತಿತ್ತು. ನನಗೆ ಮೊದಲೇ ಹೇಳಿದರೆ ಹೆದರಿ ಮತ್ತೆ ಬಾಯಿ ಕಟ್ಟುತ್ತದೆ ಎಂದು ಹೇಳಿರಲಿಲ್ಲ. ಮಠಕ್ಕೆ ಹೊಸ ರಾಗಿ ಕೊಡುವ ನೆಪ ಮಾಡಿಕೊಂಡು ಅಯ್ಯನವರ ಹತ್ತಿರ ಹೋದಳು. ಮಂತ್ರ ಹೇಳುವ ರೀತಿಯನ್ನು ಮಠದ ಅಯ್ಯನವರಿಗೆ ಹೇಳಿಕೊಡುವುದು ಎಂದರೇನು!

"ಬುದ್ದೀ, ನಿಮ್ಗೆ ಏಳೋವಷ್ಟು ನಾನ್ ದೊಡ್ಡೋಳಲ್ಲ," ಎಂದಳಂತೆ. "ನಡೂಕೆ ಒಸಿ ಉಸ್ರು ಬುಟ್ಟು ಅನ್ನಿ. ನನ್ ಮಗೀಗೆ ಉಸ್ರೊಂದೇ ಮುಟ್ತದ."

ಅಯ್ಯನವರು ಗಡ್ಡ ಸವರಿಕೊಂಡರು. ಅವ್ವ ಎದ್ದು ಬಂದುಬಿಡಲೇ ಎಂದು ನೋಡುತ್ತಿದ್ದಳು. ಆಮೇಲೆ ಅವರು, "ಅದೆಂಗೆ, ತೋರ್ಸವ್ವ," ಎಂದರು. ಅವ್ವ ಸೊಂಟದಿಂದ ರೇಷ್ಮೆ ಕಡ್ಡಿ ತೆಗೆದಳು. ಮೊದಲು ಅವರಿಗೂ ಎಳೆ ಅಲ್ಲಾಡಲಿಲ್ಲವಂತೆ. "ಮೊದ್ಲು ನಗಿ ಬುದ್ದೀ," ಎಂದಳು ಅವ್ವ, "ಆಮೇಲೆ ಬತ್ತದ." ಅವರು ನಕ್ಕರು. ಕಡ್ಡಿಯನ್ನು ಅಲ್ಲೇ ಬಿಟ್ಟು ಹೋಗು ಎಂದರು. ದೀಕ್ಷೆಯ ಬೆಳಿಗ್ಗೆಯೂ ಅವರು ಅದನ್ನು ಹಿಡಿದು ಕೂತಿದ್ದರು ಎನ್ನುವುದಕ್ಕೆ ಅವರ ಗಡ್ಡವೇ ಸಾಕ್ಷಿ.

ಆ ದಿನ ಮನೆಗೆ ಬಂದ ಮೇಲೆ ಅಜ್ಜಿ ವಿಭೂತಿಯ ತಟ್ಟೆಯನ್ನು ತಾನೇ ತಂದು ನನ್ನ ಕೈಗೆ ಕೊಟ್ಟಳು. ಕಣ್ಣು ಒರೆಸಿಕೊಂಡಳು. ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು, ಅರ್ಧ ಇಟ್ಟುಕೊಂಡೆ. ಪೂಜೆ ಮುಗಿಸಿ ನಡುಮನೆಯಲ್ಲಿ ಕೂತಾಗ ಅವ್ವ ಕಾಯಿಸಿದ ಹಾಲಿನ ಚೊಂಬು ತಂದು ನನ್ನ ಮುಂದೆ ಕೂತಳು. ಎಲ್ಲರೂ ಇದ್ದರು. ಕೊಟ್ಟಿಗೆಯಲ್ಲಲ್ಲ, ಎಲ್ಲರ ಎದುರಿಗೇ, ನನ್ನ ಕೈ ಹಿಡಿದು ತನ್ನ ಬಾಯಿಯ ಮುಂದೆ ತಂದುಕೊಂಡು ಹೇಳಿದಳು.

"ಹಾಲು."

ಅಂಗೈ ತುಂಬ ಉಸಿರು ಬಂತು. ನಾನೂ ಹಾಲು ಎಂದೆ. ಅವ್ವ ಲೋಟಕ್ಕೆ ಬಗ್ಗಿಸಿದಳು. ನನ್ನ ಅಂಗೈ ಇನ್ನೂ ಅವಳ ಬಾಯಿಯ ಮುಂದೆಯೇ ಇತ್ತು. ಅವಳು ಅಜ್ಜಿಯ ಕಡೆ ನೋಡಿ ಕೇಳಿದಳು.

"ನಿಂಗೂ ಒಸಿ ಆಲು ಬುಡ್ಲಾ, ಅತ್ತೆ?"

ಅಂಗೈಗೆ ಏನೂ ತಾಗಲಿಲ್ಲ. ಆ ಹಕಾರವನ್ನು ಅವ್ವ ಬದುಕಿದ್ದ ತನಕ ಬೇರೆ ಯಾರಿಗೂ ಆಡಲಿಲ್ಲ. ಅದು ನನಗೊಬ್ಬಳಿಗೆ.